ಕೇಳಲು ಕಲಿಸುವವರು

ಮೇ 12ರ ಆಸುಪಾಸಿನ ಭಾನುವಾರ ನಮ್ಮ ಹಲವು ದೇವಾಲಯಗಳಲ್ಲಿ ಶುಶ್ರೂಷಕಿಯರಿಗಾಗಿ ಪ್ರಾರ್ಥಿಸುವ ರೂಢಿಯಿದೆ. 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಜನಿಸಿದ ದಿನವದು. ಸಮವಸ್ತ್ರ ಧರಿಸಿ ಮುಂದಿನ ಸಾಲುಗಳಲ್ಲಿ ಕುಳಿತ ತರುಣ ತರುಣಿಯರನ್ನು ಕಂಡು ಜನರು ಮೆಚ್ಚುಗೆಯಿಂದ ತಲೆದೂಗುತ್ತಾರೆ. ಅವರ ಹಿಂದೆ ಸಾದಾ ಸೀರೆಯುಟ್ಟು ಕುಳಿತಿರುವ ಒಬ್ಬಿಬ್ಬರು ಹಿರಿಯ ಮಹಿಳೆಯರತ್ತ ಮಾತ್ರ ಯಾರ ದೃಷ್ಟಿಯೂ ಹೋಗುವುದಿಲ್ಲ. ಆ ಮಕ್ಕಳಿಗೆ ನಾಡಿ ಹಿಡಿಯುವುದನ್ನು ಕಲಿಸಿದವರು ಅವರೇ. ವೈದ್ಯರನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ದಾದಿಯರನ್ನು ಕುರಿತು ವರ್ಷಕ್ಕೊಮ್ಮೆಯಾದರೂ ಮಾತನಾಡುತ್ತೇವೆ. ದಾದಿಯರನ್ನು ರೂಪಿಸುವ ಪ್ರಾಧ್ಯಾಪಕಿಯರ ಹೆಸರೆತ್ತುವವರು ವಿರಳ. ಆದ್ದರಿಂದ ಈ ವಾರದ ನಾಲ್ಕು ಮಾತು ಅವರನ್ನು ಕುರಿತು.

ಈ ವೃತ್ತಿಗೆ ನಮ್ಮ ಹಳೆಯ ಬೆಂಗಳೂರಿನಲ್ಲಿ ಆಳವಾದ ಬೇರುಗಳಿವೆ. 1854ರಲ್ಲಿ ಈ ಊರಿಗೆ ಬಂದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. 1898ರಲ್ಲಿ ಪ್ಲೇಗ್ ಮಾರಿ ಬಡಿದು ಪೇಟೆಯ ಬೀದಿಗಳು ಬರಿದಾದವು. ಗಾಳಿ ಬೆಳಕಿರುವ ಹೊಸ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಬಳಿಕವೇ. 1900ರಲ್ಲಿ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. 1935ರಲ್ಲಿ ಅದರ ಪಕ್ಕದಲ್ಲೇ ತಾಯಂದಿರಿಗೂ ಮಕ್ಕಳಿಗೂ ವಾಣಿವಿಲಾಸ ಆಸ್ಪತ್ರೆ ಸಿದ್ಧವಾಯಿತು. ಚಾಮರಾಜಪೇಟೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಇಂದಿಗೂ ಮುಂಜಾನೆ ಆ ದಾರಿಯಲ್ಲಿ ನಿಂತರೆ, ಕೈಯಲ್ಲಿ ದಾಖಲೆ ಪುಸ್ತಕ ಹಿಡಿದು, ಕೈಗಡಿಯಾರ ನೋಡಿಕೊಳ್ಳುತ್ತಾ ಅವಸರದಿಂದ ಸಾಗುವ ನರ್ಸಿಂಗ್ ವಿದ್ಯಾರ್ಥಿಗಳ ಗುಂಪುಗಳನ್ನು ಕಾಣಬಹುದು. ಕೋಟೆಯ ಸರ್ಕಾರಿ ನರ್ಸಿಂಗ್ ಕಾಲೇಜು ಇರುವುದೂ ಈ ಪರಿಸರದಲ್ಲೇ.

ಶುಶ್ರೂಷಾ ಪ್ರಾಧ್ಯಾಪಕಿಯಾಗುವ ದಾರಿ ದೀರ್ಘವಾದುದು. ಪಿ.ಯು.ಸಿ. ಬಳಿಕ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್, ಇಲ್ಲವೇ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿ ಮತ್ತೆರಡು ವರ್ಷ ಓದಿ ಪಡೆಯುವ ಪದವಿ. ಆಮೇಲೆ ಎಂ.ಎಸ್ಸಿ.ಗೆ ಇನ್ನೆರಡು ವರ್ಷ. ಅಲ್ಲಿ ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ, ಸಮುದಾಯ ಆರೋಗ್ಯ, ಮಕ್ಕಳ ಆರೈಕೆ, ಪ್ರಸೂತಿ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ ಎಂಬ ಐದು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಭಾರತದಲ್ಲಿ ಈ ವಿದ್ಯೆ ಪದವಿಯ ಮಟ್ಟಕ್ಕೇರಿದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಸ್ನಾತಕೋತ್ತರ ತರಗತಿ ದೆಹಲಿಯಲ್ಲಿ ಆರಂಭವಾದದ್ದು 1959ರಲ್ಲಿ. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಾಲೇಜುಗಳ ಸಂಖ್ಯೆ ನೂರಾರಕ್ಕೆ ಏರಿತು. ಬೋಧಕಿ, ಸಹಾಯಕ ಪ್ರಾಧ್ಯಾಪಕಿ, ಸಹ ಪ್ರಾಧ್ಯಾಪಕಿ ಎಂಬ ಮೆಟ್ಟಿಲುಗಳನ್ನು ಹತ್ತಿ, ಹತ್ತಾರು ವರ್ಷಗಳ ದುಡಿಮೆಯ ನಂತರ ಒಬ್ಬಾಕೆ ಪ್ರಾಧ್ಯಾಪಕಿ ಎನಿಸಿಕೊಳ್ಳುತ್ತಾಳೆ.

ಆಕೆಯ ಕೆಲಸವೇನು? ನಮ್ಮ ನೆರೆಯಲ್ಲೇ ಅಂಥ ಪ್ರಾಧ್ಯಾಪಕಿಯೊಬ್ಬರಿದ್ದಾರೆ. ಮೂವತ್ತು ವರ್ಷ ಈ ವೃತ್ತಿಯಲ್ಲಿ ಕಳೆದವರು. ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಅವರು ಹೇಳಿದ ಒಂದು ಪ್ರಸಂಗ ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ಇದಕ್ಕೆ ಉತ್ತರ ನೀಡುತ್ತದೆ.

ಒಂದು ಬೆಳಿಗ್ಗೆ ಅವರು ವಿದ್ಯಾರ್ಥಿಗಳೊಂದಿಗೆ ಮಹಿಳೆಯರ ವಾರ್ಡಿಗೆ ಹೋಗಿದ್ದರು. ಮೊದಲ ವರ್ಷದ ಹುಡುಗಿಯೊಬ್ಬಳಿಗೆ ಆರು ಹಾಸಿಗೆಗಳ ಹೊಣೆ. ಅವಳು ತುಂಬಿದ ಪಟ್ಟಿಯನ್ನು ನೋಡಿದರೆ ಆರು ಮಂದಿಗೂ ನಾಡಿಬಡಿತ ನಿಮಿಷಕ್ಕೆ 72. ಅಕ್ಷರ ಮುದ್ದಾಗಿತ್ತು, ಪಟ್ಟಿ ಅಚ್ಚುಕಟ್ಟಾಗಿತ್ತು. ಪ್ರಾಧ್ಯಾಪಕಿ ಎಲ್ಲರೆದುರು ಗದರಲಿಲ್ಲ. ಆ ಹುಡುಗಿಯನ್ನು ನಾಲ್ಕನೆಯ ಹಾಸಿಗೆಯ ಬಳಿಗೆ ಕರೆದೊಯ್ದು, "ಇಲ್ಲಿ ಕುಳಿತುಕೊಳ್ಳಮ್ಮ, ಅಜ್ಜಿಯ ಕೈ ಹಿಡಿದು ಒಂದು ಪೂರ್ತಿ ನಿಮಿಷ ಎಣಿಸು. ನಾನೂ ಈ ಕೈ ಹಿಡಿದು ಎಣಿಸುತ್ತೇನೆ" ಎಂದರು. ಎಣಿಸುತ್ತಿರುವಾಗಲೇ ಆ ಅಜ್ಜಿ, "ರಾತ್ರಿಯಿಂದ ಒಂಥರಾ ಸಂಕಟ ಕಣವ್ವ, ಎದೆ ಡವಡವ ಅಂತೈತೆ" ಎಂದರು. ನಾಡಿ ಲಯ ತಪ್ಪಿ, ನೂರನ್ನು ಮೀರಿ ಓಡುತ್ತಿತ್ತು. ಕೂಡಲೇ ವೈದ್ಯರನ್ನು ಕರೆದರು, ಇ.ಸಿ.ಜಿ. ತೆಗೆದರು; ಸಕಾಲಕ್ಕೆ ಚಿಕಿತ್ಸೆ ದೊರೆಯಿತು.

"ಅಜ್ಜಿ ನಿನಗೆ ಬೆಳಿಗ್ಗೆ ಏನೂ ಹೇಳಲಿಲ್ಲವೇ?" ಎಂದು ಆಮೇಲೆ ಕೇಳಿದಾಗ, ಹುಡುಗಿ ಅಳುತ್ತಾ, "ಏನೋ ಹೇಳಿದರು ಮೇಡಂ, ನನಗೆ ಅರ್ಥವಾಗಲಿಲ್ಲ" ಎಂದಳಂತೆ. ಅವಳು ಹೊರರಾಜ್ಯದಿಂದ ಬಂದವಳು. ನಾಡಿಯನ್ನು ಎಣಿಸದೆ ಬರೆದದ್ದು ಮೊದಲ ತಪ್ಪು. ಅರ್ಥವಾಗದ ಮಾತನ್ನು ಮತ್ತೊಬ್ಬರಿಂದ ಕೇಳಿ ತಿಳಿಯದೆ ಮುಂದಿನ ಹಾಸಿಗೆಗೆ ಹೋದದ್ದು ಎರಡನೆಯದು. ಎರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಪ್ರಾಧ್ಯಾಪಕಿಯ ಅಭಿಪ್ರಾಯ. "ಫಾದರ್, ಸುಳ್ಳು ಹೇಳಬೇಕೆಂದು ಆ ಮಗು ಬರೆದದ್ದಲ್ಲ. ಪಟ್ಟಿ ತುಂಬುವುದೇ ಕೆಲಸ ಎಂದುಕೊಂಡಿತ್ತು. ಆ ತಪ್ಪು ತಿಳಿವಳಿಕೆಯನ್ನು ತೊಡೆಯುವುದಕ್ಕೇ ನನಗೆ ಸಂಬಳ" ಎಂದರು.

ಇಲ್ಲಿ ನಮ್ಮ ಭಾಷೆಯೇ ನಮಗೆ ಒಂದು ಪಾಠ ಹೇಳುತ್ತದೆ. 'ಶುಶ್ರೂಷೆ' ಎಂಬ ಪದ ಹುಟ್ಟಿರುವುದು ಕೇಳು ಎಂಬರ್ಥದ 'ಶ್ರು' ಧಾತುವಿನಿಂದ. ಅದರ ಮೂಲಾರ್ಥ, ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಲು ಹಂಬಲಿಸುವ ಶಿಷ್ಯನ ಗುಣಕ್ಕೆ ಆ ಹೆಸರಿತ್ತು. ಅಲ್ಲಿಂದ ಗುರುಸೇವೆ ಎಂಬ ಅರ್ಥ ಬಂದಿತು. ಕೊನೆಗೆ ರೋಗಿಯ ಆರೈಕೆಗೂ ಅದೇ ಹೆಸರಾಯಿತು. ನರ್ಸಿಂಗ್ ಪ್ರಾಧ್ಯಾಪಕಿಯ ಬದುಕಿನಲ್ಲಿ ಈ ಅರ್ಥಗಳೆಲ್ಲ ಒಂದೆಡೆ ಸೇರುತ್ತವೆ. ಆಕೆಯ ಮಾತನ್ನು ಕೇಳಬೇಕೆಂಬ ಬಯಕೆ ಶಿಷ್ಯರಲ್ಲಿ ಹುಟ್ಟಬೇಕು. ಆ ಬಯಕೆಯನ್ನು ಆಕೆ ಹಾಸಿಗೆಯಲ್ಲಿ ಮಲಗಿರುವವರ ಕಡೆಗೆ ತಿರುಗಿಸಬೇಕು.

ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಅರಿಸ್ಟಾಟಲನು ಜ್ಞಾನವನ್ನು ವಿಂಗಡಿಸಿದ ಬಗೆಯನ್ನು ಓದುತ್ತೇವೆ. ಕಾರಣಗಳನ್ನು ಅರಿಯುವ ಶಾಸ್ತ್ರಜ್ಞಾನ ಒಂದು. ವಸ್ತುಗಳನ್ನು ಮಾಡಬಲ್ಲ ಕುಶಲತೆ ಇನ್ನೊಂದು. ಈ ಕ್ಷಣದಲ್ಲಿ, ಈ ವ್ಯಕ್ತಿಯ ವಿಷಯದಲ್ಲಿ ಏನು ಮಾಡುವುದು ಒಳಿತು ಎಂದು ನಿರ್ಧರಿಸುವ ವಿವೇಕ ಮತ್ತೊಂದು. ಮೊದಲನೆಯದನ್ನು ಪುಸ್ತಕದಿಂದ ಕಲಿಸಬಹುದು. ಎರಡನೆಯದನ್ನು ಪ್ರಯೋಗಾಲಯದ ಬೊಂಬೆಯ ಮೇಲೆ ಅಭ್ಯಾಸ ಮಾಡಿಸಬಹುದು: ಸೂಜಿ ಚುಚ್ಚುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಮಲಗಿದವರನ್ನು ಹೊರಳಿಸಿ ಹಾಸಿಗೆ ಬದಲಿಸುವುದು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು 'ಸರಿ'ಗಳನ್ನು ಬಾಯಿಪಾಠ ಮಾಡಿಸಲೂಬಹುದು. ಮೂರನೆಯದಕ್ಕೆ ಮಾತ್ರ ಅಡ್ಡದಾರಿಯಿಲ್ಲ. ವಿವೇಕಿಯಾದ ಒಬ್ಬರ ಪಕ್ಕದಲ್ಲಿ ನಿಂತು, ಅವರು ಮಾಡುವುದನ್ನು ನೋಡಿ, ತಾನೂ ಮಾಡಿ, ತಪ್ಪಿ, ತಿದ್ದಿಕೊಂಡೇ ಅದನ್ನು ಪಡೆಯಬೇಕು.

ನಮ್ಮ ನಾಡಿನ ಪ್ರಾಚೀನರೂ ಇದನ್ನು ಅರಿತಿದ್ದರು. ಚರಕ ಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ವೈದ್ಯ, ಔಷಧ, ರೋಗಿಯ ಜೊತೆಗೆ ಉಪಚಾರಕನನ್ನೂ ಸೇರಿಸಿ, ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅವನಿಗೆ ವಿಧಿಸಿತು. ನಮ್ಮ ಕಾಲದಲ್ಲಿ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರನ್ನು ನೆನೆಯಬೇಕು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಅಜ್ಜಿಯ ಬಳಿ ನಿಂತು ಹೆರಿಗೆ ಮಾಡಿಸಲು ಕಲಿತು, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ನಾಡು ಕೊಂಡಾಡಿತು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಕ್ರಿಸ್ಮಸ್ ದಿನ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಸೂಲಗಿತ್ತಿಯ ಕೈಗುಣವೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ರಕ್ತಸ್ರಾವ, ಸೋಂಕುಗಳ ವಿಷಯದಲ್ಲಿ ವಿಜ್ಞಾನ ಉಳಿಸಿರುವ ಜೀವಗಳನ್ನು ಮರೆಯಲಾಗದು. ಆದರೆ ಅಜ್ಜಿಯಿಂದ ಮೊಮ್ಮಗಳಿಗೆ ಹರಿದ ಆ ಬಗೆಯ ಕಲಿಕೆಯನ್ನು ವಿಜ್ಞಾನದೊಂದಿಗೆ ಬೆಸೆಯುವ ಹೊಣೆ ಇಂದು ಬಿದ್ದಿರುವುದು ಪ್ರಾಧ್ಯಾಪಕಿಯ ಹೆಗಲ ಮೇಲೆ.

ಆ ಪ್ರಸಂಗದ ನಂತರ ನಮ್ಮ ಪ್ರಾಧ್ಯಾಪಕಿ ಒಂದು ಕೆಲಸ ಮಾಡಿದರು. ರೋಗಿಗಳು ಆಡುವ ಕನ್ನಡವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯತೊಡಗಿದರು. ಸಂಕಟ, ಸುಸ್ತು, ಜೋಮು, ಸೆಳೆತ, ತಲೆಸುತ್ತು, ಹೊಟ್ಟೆ ತೊಳಸುವುದು, ಕಣ್ಣಿಗೆ ಕತ್ತಲೆ ಬರುವುದು, ಎದೆ ಹಿಂಡಿದಂತಾಗುವುದು. ಈ ಒಂದೊಂದು ಮಾತಿನ ಹಿಂದೆಯೂ ಬೇರೆ ಬೇರೆ ಕಾಯಿಲೆಯ ಸುಳಿವಿರಬಹುದು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳಿಗೆ ಅವರು ವಾರಕ್ಕೆ ಹತ್ತು ಪದಗಳನ್ನು ಕಲಿಸುತ್ತಾರೆ. ಇದು ಯಾವ ಪರೀಕ್ಷೆಗೂ ಇಲ್ಲದ ಪಾಠ. ಆದರೂ ಯಾರೂ ತಪ್ಪಿಸಿಕೊಳ್ಳುವುದಿಲ್ಲವಂತೆ.

ಇನ್ನು ಈ ವೃತ್ತಿಯ ಒಳನೋವಿನ ಮಾತು. ಹಿಂದೆ ಆಸ್ಪತ್ರೆಯೇ ಶಾಲೆಯಾಗಿತ್ತು. ವಾರ್ಡನ್ನು ನೋಡಿಕೊಳ್ಳುವ ಸಿಸ್ಟರೇ ಪಾಠವನ್ನೂ ಹೇಳುತ್ತಿದ್ದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ನಿಧಿಯಿಂದ ತೆರೆದ ಶಾಲೆಯ ಪದ್ಧತಿ ಅದು. ಅದರ ದೋಷ, ವಿದ್ಯಾರ್ಥಿನಿಯರು ಅಗ್ಗದ ಕೆಲಸಗಾರರಾಗಿಬಿಡುತ್ತಿದ್ದರು. ಕಾಲೇಜುಗಳು ಬಂದು ಆ ದೋಷ ಬಹುಮಟ್ಟಿಗೆ ನೀಗಿತು, ಆದರೆ ಹೊಸದೊಂದು ಅಂತರ ಹುಟ್ಟಿತು. ವಾರ್ಡಿನವರು ಬೇರೆ, ಕಾಲೇಜಿನವರು ಬೇರೆ. ಬೋಧಕಿ ಪದವಿಯಲ್ಲಿ ಮೇಲೇರಿದಷ್ಟೂ ರೋಗಿಯಿಂದ ದೂರವಾಗುತ್ತಾಳೆ. ತಪಾಸಣೆಯ ಕಡತ, ಆಂತರಿಕ ಅಂಕಗಳು, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ ಇವೇ ಆಕೆಯ ದಿನವನ್ನು ನುಂಗುತ್ತವೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂಬ ನಿಯಮವಿದೆ. ಕಾಗದದ ಮೇಲೆ ಹತ್ತಕ್ಕೊಬ್ಬರಿದ್ದು ವಾರ್ಡಿನಲ್ಲಿ ಒಬ್ಬರೂ ಇಲ್ಲದಿದ್ದರೆ, ಅದೂ ಎಣಿಸದೆ ಬರೆದ 72 ಅಲ್ಲವೇ?

ಇದಕ್ಕೆ ಪರಿಹಾರ ಇಲ್ಲದಿಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ನರ್ಸಿಂಗ್ ಅಧ್ಯಾಪಕರಿಗೆ ಬೋಧನೆಯ ಜೊತೆಗೆ ವಾರ್ಡಿನ ಹೊಣೆಯನ್ನೂ ವಹಿಸುವ ಸಂಪ್ರದಾಯವಿದೆ. 1947ರ ನರ್ಸಿಂಗ್ ಪರಿಷತ್ತಿನ ಕಾಯಿದೆಯ ಸ್ಥಾನದಲ್ಲಿ ನೂತನ ಆಯೋಗವನ್ನು ರಚಿಸುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಹೊಸ ನಿಯಮಗಳನ್ನು ಬರೆಯುವವರು ಪ್ರಾಧ್ಯಾಪಕಿಯರನ್ನು ಹಾಸಿಗೆಯ ಪಕ್ಕಕ್ಕೆ ಮರಳಿಸುವ ದಾರಿಯನ್ನು ಯೋಚಿಸಬೇಕು. ನಮ್ಮ ಪ್ರಾಧ್ಯಾಪಕಿ ಕಂಡುಕೊಂಡ ದಾರಿ ಸರಳ: ಗುರುವಾರದ ಬೆಳಿಗ್ಗೆ ಅವರು ಯಾವ ಸಭೆಗೂ ಹೋಗುವುದಿಲ್ಲ, ವಾರ್ಡಿಗೆ ಹೋಗುತ್ತಾರೆ. ಅವರ ಬಳಿ ಕಲಿತವರು ಹೊರದೇಶಗಳಲ್ಲಿ ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸಂಪಾದಿಸುತ್ತಿದ್ದಾರೆ. ಅದರ ಬಗ್ಗೆ ಅವರಿಗೆ ಅಸೂಯೆಯಿಲ್ಲ. ಬೋಧನೆಗೆ ಬರುವ ಜಾಣ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ಚಿಂತೆಯಿದೆ.

ಕೊನೆಯದಾಗಿ ರೋಗಿಯ ಮಾತು. ಯಾವ ಮನುಷ್ಯನನ್ನೂ ಕೇವಲ ಸಾಧನವಾಗಿ ಬಳಸಬಾರದೆಂದು ಕಾಂಟ್ ಎಂಬ ತತ್ವಜ್ಞಾನಿ ಬೋಧಿಸಿದನು. ಆದರೆ ದಾದಿಯರು ಕಲಿಯುವುದು ರೋಗಿಯ ದೇಹದ ಮೇಲೆಯೇ. ಈ ಸಂದಿಗ್ಧವನ್ನು ನಮ್ಮ ಪ್ರಾಧ್ಯಾಪಕಿ ತತ್ವಶಾಸ್ತ್ರ ಓದದೆಯೇ ಬಿಡಿಸಿದ್ದಾರೆ. ಪಾಠಕ್ಕೆ ಮೊದಲು ರೋಗಿಯ ಒಪ್ಪಿಗೆ ಕೇಳಬೇಕು, ಪರದೆ ಎಳೆಯಬೇಕು, ಹಾಸಿಗೆಯ ಸಂಖ್ಯೆಯಿಂದ ಕರೆಯದೆ ಹೆಸರಿನಿಂದ ಕರೆಯಬೇಕು, ಪಾಠ ಮುಗಿದ ಮೇಲೆ ಕೈಮುಗಿದು ವಂದಿಸಬೇಕು. ಆ ಹಾಸಿಗೆಯಲ್ಲಿರುವವರೂ ನಿಮಗೆ ಗುರುಗಳು ಎಂದು ಅವರು ಮಕ್ಕಳಿಗೆ ಹೇಳುತ್ತಾರೆ.

ಆದುದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯವರು ಆಸ್ಪತ್ರೆಯಲ್ಲಿರುವಾಗ ವಿದ್ಯಾರ್ಥಿಯೊಬ್ಬಳು ಅಳುಕುತ್ತಾ ಕೈ ಹಿಡಿದು ನಾಡಿ ಎಣಿಸುತ್ತಿದ್ದರೆ, ಅವಳನ್ನು ಅವಸರಪಡಿಸಬೇಡಿ. ಅವಳ ಹಿಂದೆ ನಿಂತಿರುವ ಹಿರಿಯ ಮಹಿಳೆಯನ್ನು ಕಂಡರೆ ನಮಸ್ಕಾರ ಹೇಳಿ. ಅಂದು ಅತ್ತ ಆ ಹುಡುಗಿ ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಕನ್ನಡ ಚೆನ್ನಾಗಿ ಬರುತ್ತದೆ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅವಳು ಮೊದಲು ಹೇಳುವ ಮಾತು, "ಕುಳಿತುಕೊಂಡು, ಪೂರ್ತಿ ಒಂದು ನಿಮಿಷ ಎಣಿಸಿ" ಎಂಬುದಂತೆ.