ಮಾವಿನ ತೋಟದಿಂದ ನೇರ ಗ್ರಾಹಕರ ಮನೆಗೆ: ಮೊಬೈಲ್ ಮೂಲಕ ಮಾರಾಟದ ಪ್ರಾರಂಭಿಕ ಪಾಠ

ಮಾವು ಬೆಳೆಗಾರರಲ್ಲಿ ಅನೇಕರು ಮರದಲ್ಲಿ ಹೂ ಕಾಣಿಸಿಕೊಂಡ ಕೂಡಲೇ ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡುವುದು ವಾಡಿಕೆ. ಇದರಿಂದ ಮಳೆ, ಗಾಳಿ, ಜಿಗಿಹುಳುವಿನ ಭಯ ಗುತ್ತಿಗೆದಾರನಿಗೆ ವರ್ಗವಾಗುತ್ತದೆ. ಕೈಗೆ ಮುಂಗಡ ಹಣವೂ ಬರುತ್ತದೆ. ಆದರೆ ಫಸಲು ಚೆನ್ನಾಗಿ ಬಂದ ವರ್ಷ ಅದರ ಲಾಭವೂ ಅವನದೇ. ಬೆಂಗಳೂರಿನ ಗೃಹಿಣಿ ಕೊಡುವ ಬೆಲೆಗೂ ರಾಮನಗರ ಅಥವಾ ಶ್ರೀನಿವಾಸಪುರದ ಬೆಳೆಗಾರನ ಕೈ ಸೇರುವ ಬೆಲೆಗೂ ನಡುವೆ ಎಷ್ಟು ಅಂತರವಿದೆ ಎಂಬುದು ತಮಗೆ ತಿಳಿಯದ ವಿಷಯವೇನಲ್ಲ. ಈ ಅಂತರದಲ್ಲಿ ಒಂದು ಪಾಲನ್ನಾದರೂ ಬೆಳೆಗಾರ ಪಡೆಯಲು ಈಗ ಒಂದು ದಾರಿಯಿದೆ. ಅದಕ್ಕೆ ಬೇಕಾದ ಸಾಧನ ಬಹುಮಟ್ಟಿಗೆ ನಿಮ್ಮ ಜೇಬಿನಲ್ಲಿಯೇ ಇದೆ.

ಇದನ್ನು ಡಿಜಿಟಲ್ ಮಾರ್ಕೆಟಿಂಗ್ ಎಂದು ಕರೆಯುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಿಮ್ಮಲ್ಲಿ ಏನಿದೆ ಎಂಬುದನ್ನು ಬೇಕಾದವನಿಗೆ ಮೊಬೈಲ್ ಮತ್ತು ಅಂತರ್ಜಾಲದ ಮೂಲಕ ತಿಳಿಸುವುದು, ಅವನು ಕೇಳಿದಾಗ ಉತ್ತರಿಸುವುದು, ಕೊಂಡವನು ಮತ್ತೆ ಬರುವಂತೆ ನೋಡಿಕೊಳ್ಳುವುದು. ಇಷ್ಟೇ ಅದರ ಅರ್ಥ. ಸಂತೆಯಲ್ಲಿ ಕುಳಿತು ಮಾಡುವುದೂ ಇದನ್ನೇ.

ಮೊದಲ ವರ್ಷವೇ ಇಡೀ ತೋಟವನ್ನು ಈ ವಿಧಾನಕ್ಕೆ ಒಡ್ಡುವುದು ವಿವೇಕವಲ್ಲ. ಗುತ್ತಿಗೆ ಮಾತನಾಡುವಾಗ ಒಳ್ಳೆಯ ಹತ್ತು ಮರಗಳನ್ನು ನಿಮಗಾಗಿ ಉಳಿಸಿಕೊಳ್ಳಿ. ಆ ಹತ್ತು ಮರಗಳ ಹಣ್ಣನ್ನು ಮಾರಿ ನೋಡಿದ ನಂತರ ಮುಂದಿನ ವರ್ಷದ ಮಾತು.

ಕೆಲಸ ಯಾವಾಗ ಆರಂಭಿಸಬೇಕು?

ಕಾಯಿ ಕಿತ್ತ ದಿನ ಪ್ರಚಾರ ಆರಂಭಿಸುವುದು ಬಹಳ ಜನರು ಮಾಡುವ ತಪ್ಪು. ಕಿತ್ತ ಹಣ್ಣು ಗಿರಾಕಿಗಾಗಿ ಕಾಯುವುದಿಲ್ಲ. ಜನವರಿಯಲ್ಲಿ ಹೂ ಬಿಟ್ಟಾಗ ಒಂದು ಚಿತ್ರ, ಮಾರ್ಚಿಯಲ್ಲಿ ಕಾಯಿ ಗೋಲಿ ಗಾತ್ರವಾದಾಗ ಇನ್ನೊಂದು, ಆಲಿಕಲ್ಲು ಬಿದ್ದು ಕಾಯಿ ಉದುರಿದರೆ ಅದರದೂ ಒಂದು. ಹೀಗೆ ತೋಟದ ಸಮಾಚಾರವನ್ನು ಹದಿನೈದು ದಿನಕ್ಕೊಮ್ಮೆ ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸುತ್ತಾ ಬನ್ನಿ. ಪಟ್ಟಣದ ಜನರಿಗೆ ಇದು ಹೊಸ ವಿಷಯ. ಆ ಮರವನ್ನು ಮೂರು ತಿಂಗಳು ನೋಡಿದವನು ಮೇ ತಿಂಗಳಲ್ಲಿ ಅದರ ಹಣ್ಣನ್ನು ಕೇಳಿ ಪಡೆಯುತ್ತಾನೆ. ಬರವಣಿಗೆಯಲ್ಲಿ ಆಸಕ್ತಿಯುಳ್ಳವರು ಇದನ್ನೇ ಬ್ಲಾಗ್ ರೂಪದಲ್ಲಿ ಅಥವಾ ಫೇಸ್‌ಬುಕ್ ಪುಟದಲ್ಲಿ ಬರೆಯಬಹುದು. ಭಾಷೆ ಅಲಂಕಾರವಾಗಿರಬೇಕಾಗಿಲ್ಲ. ನೀವು ನೆರೆಯವನಿಗೆ ಹೇಳುವ ಹಾಗೆ ಹೇಳಿದರೆ ಸಾಕು.

ಯಾರಿಗೆ ಕಳುಹಿಸುವುದು ಎಂಬುದು ಮುಂದಿನ ಪ್ರಶ್ನೆ. ಪಟ್ಟಣದಲ್ಲಿರುವ ಬಂಧುಗಳು, ಊರಿನಿಂದ ನೌಕರಿಗೆ ಹೋದವರು, ಮಕ್ಕಳ ಸ್ನೇಹಿತರು, ಹಿಂದೆ ತೋಟಕ್ಕೆ ಬಂದು ಹಣ್ಣು ಕೊಂಡವರು. ಇವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಐವತ್ತು ಹೆಸರಾದರೆ ಪ್ರಾರಂಭಕ್ಕೆ ಧಾರಾಳ. ಅಪರಿಚಿತರ ಸಂಖ್ಯೆಗಳನ್ನು ಎಲ್ಲಿಂದಲೋ ಕೊಂಡು ಸಂದೇಶ ಕಳುಹಿಸುವುದು ಬೇಡ. ಅದರಿಂದ ಬೈಗುಳವಲ್ಲದೆ ಬೇರೇನೂ ಬರುವುದಿಲ್ಲ. ನಿಮ್ಮ ಖಾತೆಯನ್ನೇ ಕಂಪನಿಯವರು ನಿಲ್ಲಿಸಬಹುದು.

ವಾಟ್ಸಪ್ ಸಂಸ್ಥೆಯು 2018ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ಪ್ರತ್ಯೇಕ ಆ್ಯಪ್ ಒಂದನ್ನು ಹೊರತಂದಿತು. ಇದರಲ್ಲಿ ತೋಟದ ವಿಳಾಸ, ಹಣ್ಣಿನ ಚಿತ್ರ, ಬೆಲೆ ಇವುಗಳನ್ನು ಅಂಗಡಿಯ ಕಪಾಟಿನಂತೆ ಜೋಡಿಸಿಡಬಹುದು. ನೀವು ಔಷಧಿ ಸಿಂಪಡಿಸುತ್ತಿರುವಾಗ ಬಂದ ವಿಚಾರಣೆಗೆ ತಾನಾಗಿಯೇ ಉತ್ತರ ಹೋಗುವಂತೆಯೂ ಏರ್ಪಡಿಸಬಹುದು. ಗಿರಾಕಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದಕ್ಕಿಂತ ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವುದು ಮೇಲು. ಗುಂಪಿನಲ್ಲಿ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುತ್ತದೆ. ಒಬ್ಬನ ಹಣ್ಣು ಕೊಳೆತಿದ್ದರೆ ಎಲ್ಲರೂ ಅದನ್ನೇ ಚರ್ಚಿಸುತ್ತಾರೆ. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಈ ಪಟ್ಟಿಯ ಸಂದೇಶ ತಲುಪುತ್ತದೆ. ಆದುದರಿಂದ ಮೊದಲ ಸಲ ಮಾತನಾಡಿದಾಗಲೇ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಕೇಳಿಕೊಳ್ಳಬೇಕು.

ಹೆಸರು ಮತ್ತು ಚಿತ್ರ

ಪರಿಚಯವಿಲ್ಲದ ಗಿರಾಕಿ ಗೂಗಲ್‌ನಲ್ಲಿ ಹುಡುಕಿಕೊಂಡು ಬರುತ್ತಾನೆ. ಗೂಗಲ್ ನಕ್ಷೆಯಲ್ಲಿ ತೋಟದ ಸ್ಥಳ, ಸಂಖ್ಯೆ, ಮಾರಾಟದ ತಿಂಗಳುಗಳನ್ನು ನಮೂದಿಸಲು ಶುಲ್ಕವಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ನಾವು ಬಾದಾಮಿ ಎನ್ನುವ ಹಣ್ಣನ್ನು ಇನ್ನೊಬ್ಬರು ಆಪೂಸ್ ಎನ್ನುತ್ತಾರೆ, ಮತ್ತೊಬ್ಬರು ಅಲ್ಫಾನ್ಸೊ ಎನ್ನುತ್ತಾರೆ. ತೋತಾಪುರಿಯನ್ನು ಗಿಣಿಮೂತಿ ಎಂದು ಹುಡುಕುವವರೂ ಉಂಟು. ಯಂತ್ರಕ್ಕೆ ಇವೆಲ್ಲ ಒಂದೇ ಎಂದು ಯಾವಾಗಲೂ ತಿಳಿಯುತ್ತದೆಂದು ನಂಬಿ ಕೂರಬಾರದು. ಆದ್ದರಿಂದ ನಿಮ್ಮ ಪುಟದಲ್ಲಿ ಹಣ್ಣಿನ ಎಲ್ಲ ಹೆಸರುಗಳನ್ನೂ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಯಲ್ಲಿ, ಊರಿನ ಹೆಸರಿನೊಂದಿಗೆ ಬರೆಯಿರಿ.

ಚಿತ್ರವನ್ನು ಬೆಳಗಿನ ಬಿಸಿಲಿನಲ್ಲಿ ತೆಗೆಯುವುದು ಸೂಕ್ತ. ಹಣ್ಣನ್ನು ಅಂಗೈಯಲ್ಲಿಟ್ಟು ತೆಗೆದರೆ ಗಾತ್ರ ತಿಳಿಯುತ್ತದೆ. ಬಣ್ಣ ಹೆಚ್ಚಿಸುವ ತಂತ್ರಗಳನ್ನು ಬಳಸಬೇಡಿ. ಚಿತ್ರದಲ್ಲಿ ಕೇಸರಿಯಾಗಿ ಕಂಡ ಹಣ್ಣು ಪೆಟ್ಟಿಗೆಯಲ್ಲಿ ಹಸಿರಾಗಿದ್ದರೆ ಗಿರಾಕಿ ನಿಮ್ಮನ್ನು ಮೋಸಗಾರ ಎನ್ನುತ್ತಾನೆ. ಸೊನೆಯ ಕಲೆ ಇದ್ದರೆ ಅದನ್ನೂ ತೋರಿಸಿ, ಏಕೆ ಬಂತೆಂದು ಹೇಳಿ. ತೊಟ್ಟು ಉಳಿಸಿ ಕೀಳುವುದು, ಸೊನೆ ಸುರಿಸುವುದು, ಹುಲ್ಲಿನಲ್ಲಿ ಹಣ್ಣು ಮಾಡುವುದು. ಒಂದೊಂದನ್ನೂ ಅರ್ಧ ನಿಮಿಷದ ವಿಡಿಯೋ ಮಾಡಿದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಪಟ್ಟಣಿಗರಿಗೆ ಅದರ ಭಯ ಬಹಳ. ನೀವು ಬಳಸುವುದಿಲ್ಲವಾದರೆ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿ. ಆದರೆ ಪ್ರಮಾಣಪತ್ರವಿಲ್ಲದೆ "ಸಾವಯವ" ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಬೇಡಿ.

ಲೆಕ್ಕಾಚಾರ

ಈಗ ಹಣದ ವಿಷಯ. ಕೆಳಗಿನ ಅಂಕಿಗಳು ಲೆಕ್ಕ ತಿಳಿಸುವುದಕ್ಕಾಗಿ ಇಟ್ಟುಕೊಂಡವು. ತಾವು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಮಂಡಿಯಲ್ಲಿ ಕಿಲೋಗೆ 40 ರೂ. ಸಿಗುತ್ತದೆಂದು ಇಟ್ಟುಕೊಳ್ಳಿ. 3 ಕಿಲೋ ಪೆಟ್ಟಿಗೆಯನ್ನು ಗ್ರಾಹಕನಿಗೆ 300 ರೂ.ಗೆ ಕೊಟ್ಟಿರಿ. ಪೆಟ್ಟಿಗೆ ಮತ್ತು ಕಾಗದಕ್ಕೆ 30 ರೂ., ಸಾಗಣೆಗೆ 60 ರೂ., ಕೆಟ್ಟ ಹಣ್ಣಿಗೆ ಬದಲಿ ಕೊಡಲು 15 ರೂ. ಕಳೆದರೆ 195 ರೂ. ಉಳಿಯಿತು. ಅದೇ 3 ಕಿಲೋಗೆ ಮಂಡಿಯಲ್ಲಿ 120 ರೂ. ಅಂದರೆ ಪೆಟ್ಟಿಗೆಗೆ 75 ರೂ. ಹೆಚ್ಚು. ವಿಂಗಡಣೆಯ ಕೂಲಿಯನ್ನೂ ನಿಮ್ಮ ಸಮಯವನ್ನೂ ಇದರಲ್ಲಿಯೇ ನೋಡಿಕೊಳ್ಳಬೇಕು. ಕಿತ್ತ ಕಾಯೆಲ್ಲ ಪೆಟ್ಟಿಗೆಗೆ ಯೋಗ್ಯವಾಗಿರುವುದಿಲ್ಲ. ಉಳಿದದ್ದು ಮಂಡಿಗೇ ಹೋಗಬೇಕು. ಆದ್ದರಿಂದ ಮಂಡಿಯವನೊಡನೆ ಜಗಳ ಬೇಡ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವುಗಳಲ್ಲಿ ಹಣ ಕೊಟ್ಟು ಜಾಹೀರಾತು ಹಾಕಬಹುದು. ಎಷ್ಟು ಜನರು ನೋಡಿದರು, ಎಷ್ಟು ಜನರು ಮೆಚ್ಚಿದರು ಎಂಬ ಸಂಖ್ಯೆಗಳನ್ನು ಅವರು ತೋರಿಸುತ್ತಾರೆ. ಅದನ್ನು ಕಂಡು ಹಿಗ್ಗಬಾರದು. 1000 ರೂ. ಖರ್ಚಿಗೆ 5 ಜನ ಕೊಂಡರೆ ಒಬ್ಬ ಗಿರಾಕಿಗೆ 200 ರೂ. ಬಿತ್ತು. ಮೇಲಿನ ಲೆಕ್ಕದಂತೆ ಅವನು ಮೂರು ಪೆಟ್ಟಿಗೆ ಕೊಂಡ ಮೇಲಷ್ಟೇ ಜಾಹೀರಾತಿನ ಹಣ ಹಿಂದಿರುಗುತ್ತದೆ. ಒಂದೇ ಪೆಟ್ಟಿಗೆ ಕೊಂಡು ಮರೆಯಾದರೆ ನಷ್ಟ. ಹಳೆಯ ಗಿರಾಕಿಗೆ ಒಂದು ಸಂದೇಶ ಕಳುಹಿಸಲು ಹೆಚ್ಚೇನೂ ಖರ್ಚಿಲ್ಲ. ಆದುದರಿಂದ ಹೊಸಬರು ಮೊದಲ ವರ್ಷ ಜಾಹೀರಾತಿಗೆ ಹಣ ಹಾಕದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಸಾಗಣೆಯೇ ಈ ವ್ಯವಹಾರದ ಕಷ್ಟದ ಭಾಗ. ರಾಜ್ಯದ ಮಾವು ಅಭಿವೃದ್ಧಿ ನಿಗಮವು "ಕರ್‌ಸಿರಿ" ಜಾಲತಾಣದ ಮೂಲಕ ಬೇಡಿಕೆ ಪಡೆದು, ಅಂಚೆ ಇಲಾಖೆಯ ನೆರವಿನಿಂದ ಬೆಳೆಗಾರರ 3 ಕಿಲೋ ಪೆಟ್ಟಿಗೆಗಳನ್ನು ಬೆಂಗಳೂರಿನ ಮನೆಗಳಿಗೆ ತಲುಪಿಸಿತು. 2020ರ ಲಾಕ್‌ಡೌನ್ ಸಮಯದಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. ಸ್ವಂತವಾಗಿ ಮಾಡುವವರು ಬಿಡಿ ಮನೆಗಳಿಗೆ ಅಲೆಯುವ ಬದಲು ವಾರಕ್ಕೊಂದು ದಿನ ಗೊತ್ತುಮಾಡಿ, ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ ಮೂವತ್ತು ಪೆಟ್ಟಿಗೆ ಬೇಡಿಕೆ ಸೇರಿದ ನಂತರವೇ ಗಾಡಿ ಹೊರಡಿಸಬೇಕು. ನಾಲ್ಕಾರು ಬೆಳೆಗಾರರು ಕೂಡಿದರೆ ಬಾಡಿಗೆ ಹಂಚಿಹೋಗುತ್ತದೆ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡಿ: ಕಾಯಿ ಕಿತ್ತ ದಿನಾಂಕ, ತಿನ್ನಲು ಯಾವಾಗ ಹದ, ಹಣ್ಣಾಗುವವರೆಗೆ ಫ್ರಿಜ್‌ನಲ್ಲಿ ಇಡಬಾರದೆಂಬ ಸೂಚನೆ. ದೂರುಗಳಲ್ಲಿ ಹಲವು ಈ ಚೀಟಿಯಿಂದಲೇ ತಪ್ಪುತ್ತವೆ. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು, ಅದರ 14 ಅಂಕಿಗಳ ಸಂಖ್ಯೆ, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನಾಂಕ, ವಿಳಾಸಗಳನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು.

ಹಣ ಪಡೆಯುವಾಗ ಎಚ್ಚರ

2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಹಣ ಪಡೆಯುವುದು ಸುಲಭವಾಗಿದೆ. ಠಕ್ಕರಿಗೂ ದಾರಿ ಸಿಕ್ಕಿದೆ. ಯಾರೋ ಕರೆ ಮಾಡಿ, ತಾನು ಸೇನೆಯ ಅಧಿಕಾರಿ, ಐವತ್ತು ಪೆಟ್ಟಿಗೆ ಬೇಕು, ಮುಂಗಡ ಕಳುಹಿಸುತ್ತೇನೆ, ಈ ಚೌಕದ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಹಣ ಹಾಕಿದೆನೆಂದು ಗಿರಾಕಿ ಕಳುಹಿಸುವ ಚಿತ್ರವನ್ನೂ ನಂಬದೆ, ಬ್ಯಾಂಕಿನ ಖಾತೆಯಲ್ಲಿ ಜಮಾ ಆಗಿರುವುದನ್ನು ನೋಡಿ ಪೆಟ್ಟಿಗೆ ಕಟ್ಟಬೇಕು. ಒಂದು ವೇಳೆ ಮೋಸವಾದರೆ ಮರುದಿನಕ್ಕೆ ಕಾಯದೆ ಆಗಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಹಿಡಿಯಲು ಅದರಿಂದ ಸಾಧ್ಯವಾಗಬಹುದು. ಮಾರಾಟದ ಹಣಕ್ಕೆಂದು ಪ್ರತ್ಯೇಕ ಖಾತೆ ತೆರೆದು, ಅದರಲ್ಲಿ ಹೆಚ್ಚು ಮೊತ್ತ ನಿಲ್ಲದಂತೆ ವಾರಕ್ಕೊಮ್ಮೆ ಇನ್ನೊಂದು ಖಾತೆಗೆ ವರ್ಗಾಯಿಸಿಕೊಳ್ಳುವುದು ಒಳ್ಳೆಯದು.