ಗರ್ಭಕಂಠದ ತಪಾಸಣೆ: ನೋವು, ನಾಚಿಕೆ ಕಡಿಮೆ ಮಾಡುವುದು ಹೇಗೆ?

ಸಂತಾನೋತ್ಪತ್ತಿಯ ಪಾಠ ಬಂದಾಗ ಚಿತ್ರ ತೋರಿಸಿ ಬೇಗ ಬೇಗ ಪುಟ ತಿರುವುವವರೇ ನಮ್ಮಲ್ಲಿ ಹೆಚ್ಚು. ಅದೇ ನಾಚಿಕೆ ದವಾಖಾನೆಯವರೆಗೂ ನಮ್ಮ ಬೆನ್ನು ಹತ್ತುತ್ತದೆ. ತಾಯಂದಿರ ಸಭೆ ನಡೆಸುವ ಅಕ್ಕೋರೇ, ನೀವಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿದ್ದೀರಾ?

ಈ ಕ್ಯಾನ್ಸರ್‌ಗೆ ಬಹುತೇಕ ಕಾರಣ ಎಚ್‌ಪಿವಿ ಎಂಬ ವೈರಸ್. ಸೋಂಕು ತಗಲಿದ ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ಅದು ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಇಷ್ಟು ಪುರುಸೊತ್ತು ಕೊಡುವ ಕ್ಯಾನ್ಸರ್ ಅಪರೂಪ. ಆದರೂ ಹೆಣ್ಣುಮಕ್ಕಳು ತಪಾಸಣೆಗೆ ಹಿಂದೇಟು ಹಾಕುತ್ತಾರೆ.

ಅದಕ್ಕೊಂದು ಕಾರಣ ಸ್ಪೆಕ್ಯುಲಮ್. ಬಾತುಕೋಳಿಯ ಕೊಕ್ಕಿನಂಥ ಈ ಉಪಕರಣದಿಂದ ಯೋನಿಯ ಗೋಡೆಗಳನ್ನು ಅಗಲಿಸಿದರೇ ಗರ್ಭಕಂಠ ಕಾಣುವುದು. ಪ್ಯಾಪ್ ಪರೀಕ್ಷೆಗೂ, ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಐಎ ಪರೀಕ್ಷೆಗೂ ಅದು ಬೇಕೇ ಬೇಕು. ಹೆದರಿದರೆ ಸ್ನಾಯು ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ. ಹಾಗಾಗಿ ಬಾಯಿಬಿಟ್ಟು ಕೇಳಿರಿ: ಸಣ್ಣ ಅಳತೆಯ ಸ್ಪೆಕ್ಯುಲಮ್ ಇದೆಯಾ, ಬೆಚ್ಚಗಿನ ನೀರಲ್ಲಿ ಅದ್ದಿ ತರುತ್ತೀರಾ, ಹೊದೆಯಲು ಚಾದರ ಕೊಡುತ್ತೀರಾ, ಹೆಣ್ಣು ಡಾಕ್ಟರ್ ಇದ್ದಾರಾ? ಮೊದಲೇ ಮೂತ್ರಕ್ಕೆ ಹೋಗಿ ಬನ್ನಿ. ನೀವು "ಸ್ವಲ್ಪ ನಿಲ್ಲಸ್ರಿ" ಅಂದರೆ ಅವರು ನಿಲ್ಲಿಸಲೇಬೇಕು.

ಎಚ್‌ಪಿವಿ ಪರೀಕ್ಷೆಯ ಮಾತು ಬೇರೆ. ಇಲ್ಲಿ ಕಣ್ಣಿಂದ ನೋಡುವುದೇನೂ ಇಲ್ಲ, ವೈರಸ್ಸಿನ ಡಿಎನ್‌ಎ ಹುಡುಕಿದರೆ ಸಾಕು. ಅದು ಯೋನಿಯ ದ್ರವದಲ್ಲೂ ಸಿಗುತ್ತದೆ. ಆದ್ದರಿಂದ ಹೆಂಗಸು ಪರದೆಯ ಹಿಂದೆ ತಾನೇ ಮೆತ್ತನೆಯ ಉದ್ದ ಕಡ್ಡಿಯನ್ನು ಒಳಗಿಟ್ಟು, ಕೆಲವು ಸುತ್ತು ತಿರುಗಿಸಿ, ಕೊಳವೆಗೆ ಹಾಕಿಕೊಟ್ಟರೆ ಆಯ್ತು. ಪಿಸಿಆರ್ ವಿಧಾನದಲ್ಲಿ ಪರೀಕ್ಷಿಸಿದರೆ ಈ ಮಾದರಿಯನ್ನು ಹೆಚ್ಚುಕಡಿಮೆ ಡಾಕ್ಟರ್ ತೆಗೆದ ಮಾದರಿಯಷ್ಟೇ ನಂಬಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿತು: 30ನೇ ವಯಸ್ಸಿನಿಂದ, 5ರಿಂದ 10 ವರ್ಷಕ್ಕೊಮ್ಮೆ. ಆಸ್ಟ್ರೇಲಿಯದ ತಪಾಸಣಾ ಯೋಜನೆಯಲ್ಲಿ 2022ರ ಜುಲೈನಿಂದ ಎಲ್ಲ ಮಹಿಳೆಯರಿಗೂ ಈ ಆಯ್ಕೆ ಇದೆ.

ಎಚ್‌ಪಿವಿ ಪರೀಕ್ಷೆಯ ಬಲ ಜಗತ್ತಿಗೆ ಗೊತ್ತಾದದ್ದು ನಮ್ಮ ಮಗ್ಗುಲಲ್ಲೇ! ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಸೇರಿ, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ಅಧ್ಯಯನ ನಡೆಸಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ, ತಪಾಸಣೆ ಇಲ್ಲದ ಗುಂಪಿಗೆ ಹೋಲಿಸಿದರೆ, ಈ ಕ್ಯಾನ್ಸರ್‌ನ ಸಾವು ಸುಮಾರು ಅರ್ಧಕ್ಕಿಳಿದಿತ್ತು.

ಪಾಸಿಟಿವ್ ಬಂತೆಂದು ಗಾಬರಿಯಾಗಬೇಡಿ, ಅದಿನ್ನೂ ಕ್ಯಾನ್ಸರ್ ಅಲ್ಲ. ಆದರೆ ಆಗ ಸ್ಪೆಕ್ಯುಲಮ್ ಹಾಕಿ ನೋಡಲೇಬೇಕಾಗುತ್ತದೆ. ಇನ್ನು ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಕಡ್ಡಿಯ ಪರೀಕ್ಷೆಗೆ ಕಾಯಬ್ಯಾಡ್ರಿ, ನೇರ ಡಾಕ್ಟರ್ ಹತ್ತಿರ ಹೋಗ್ರಿ.