ವಿದ್ಯುತ್ತನ್ನು ಪಳಗಿಸಿದ ಪ್ರಾಧ್ಯಾಪಕರು

ಫಿನ್ಲೆಂಡ್ ದೇಶದಲ್ಲಿ ಎರಡು ವರ್ಷಗಳಿಗೊಮ್ಮೆ ಕೊಡುವ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯು 2024ರಲ್ಲಿ ಪ್ರಾಧ್ಯಾಪಕ ಬಿ. ಜಯಂತ ಬಾಳಿಗಾ ಅವರಿಗೆ ಸಂದಿತು. ಮೊತ್ತ ಹತ್ತು ಲಕ್ಷ ಯೂರೋ. ಹೆಸರಿನ ಮುಂದಿರುವ 'ಬಿ' ಎಂದರೆ ಬಂಟ್ವಾಳ. ಕಾಸರಗೋಡಿನ ನಮಗೆ ಅದು ದೂರದ ಊರಲ್ಲ. ಆದರೆ ಊರಿನ ಹೆಸರನ್ನು ಕೇಳಿ ಹಿಗ್ಗುವುದಷ್ಟೇ ಸಾಲದು, ಅವರು ಮಾಡಿದ ಕೆಲಸವೇನೆಂಬುದನ್ನೂ ನಮ್ಮ ಮಕ್ಕಳು ತಿಳಿಯಬೇಕು.

ಬಾಳಿಗಾ ಅವರು ಹುಟ್ಟಿದ್ದು 1948ರಲ್ಲಿ ಮದರಾಸಿನಲ್ಲಿ, ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಮದರಾಸಿನ ಐ.ಐ.ಟಿ.ಯಿಂದ 1969ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿ, 1974ರಲ್ಲಿ ಡಾಕ್ಟರೇಟ್ ಗಳಿಸಿ ಜನರಲ್ ಇಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯವನ್ನು ಸೇರಿದರು.

ಅವರ ಶಾಸ್ತ್ರಕ್ಕೆ 'ಪವರ್ ಇಲೆಕ್ಟ್ರಾನಿಕ್ಸ್' ಎಂದು ಹೆಸರು. ಇದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಮಾತಿಲ್ಲ. ಕನ್ನಡ ಪಂಡಿತರಾದ ನಾವು 'ವಿದ್ಯುತ್ತನ್ನು ಹದಮಾಡುವ ವಿದ್ಯೆ' ಎಂದು ಸದ್ಯಕ್ಕೆ ಕರೆದುಕೊಂಡಿದ್ದೇವೆ. ಬೇಕಾದಷ್ಟು ವಿದ್ಯುತ್ತನ್ನು, ಬೇಕಾದ ರೂಪದಲ್ಲಿ, ನಷ್ಟವಿಲ್ಲದೆ ಒದಗಿಸುವುದೇ ಈ ವಿದ್ಯೆ.

ಹಳೆಯ ಕಾಲದ ಫ್ಯಾನಿನ ರೆಗ್ಯುಲೇಟರ್ ಪೆಟ್ಟಿಗೆಯನ್ನು ಮುಟ್ಟಿದ ಹಿರಿಯರಿಗೆ ಅದರ ಬಿಸಿ ನೆನಪಿರಬಹುದು. ಫ್ಯಾನು ಮೆಲ್ಲನೆ ತಿರುಗಲೆಂದು ವಿದ್ಯುತ್ತಿನ ಒಂದು ಪಾಲನ್ನು ಆ ಪೆಟ್ಟಿಗೆ ಬಿಸಿಯಾಗಿ ಸುಟ್ಟುಬಿಡುತ್ತಿತ್ತು. ತೋಟದ ಪಂಪಿನಲ್ಲೂ ಹೀಗೆಯೇ. ನೀರು ಹೆಚ್ಚಾಯಿತೆಂದು ಪೈಪಿನ ಬಾಯಿಯನ್ನು ಬಿಗಿಮಾಡಿದರೆ ನೀರು ಕಡಿಮೆಯಾದೀತು, ಪಂಪಿನ ಶ್ರಮ ಅಷ್ಟೇನೂ ಕಡಿಮೆಯಾಗದು. ಮೋಟಾರಿನ ವೇಗವನ್ನೇ ಇಳಿಸುವುದು ಜಾಣತನ. ಅದಕ್ಕಾಗಿ ವಿದ್ಯುತ್ತನ್ನು ಅರ್ಧ ತಡೆದು ಹಿಡಿಯುವುದಲ್ಲ, ಸೆಕೆಂಡಿಗೆ ಸಾವಿರಾರು ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚಬೇಕು. ಮುಚ್ಚಿದಾಗ ಹರಿವಿಲ್ಲ, ತೆರೆದಾಗ ತಡೆಯಿಲ್ಲ. ಆದ್ದರಿಂದ ನಷ್ಟ ಅತ್ಯಲ್ಪ. ಜಗತ್ತು ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮೋಟಾರುಗಳಿಗೇ ಹೋಗುವುದರಿಂದ ಇದು ಸಣ್ಣ ಉಳಿತಾಯವಲ್ಲ.

ಇಷ್ಟು ಬೇಗ ತೆರೆದು ಮುಚ್ಚುವ ಸ್ವಿಚ್ಚು ಯಾವುದು? ಆಗ ಎರಡು ಬಗೆಯ ಟ್ರಾನ್ಸಿಸ್ಟರುಗಳಿದ್ದವು. ಬೈಪೋಲಾರ್ ಎಂಬುದು ಭಾರಿ ವಿದ್ಯುತ್ತನ್ನು ಹೊರಬಲ್ಲದು, ಆದರೆ ತೆರೆದಿರುವಷ್ಟು ಹೊತ್ತೂ ಅದಕ್ಕೆ ಬೇರೆ ವಿದ್ಯುತ್ತನ್ನು ಉಣಿಸುತ್ತಿರಬೇಕು. ಮಾಸ್‌ಫೆಟ್ ಎಂಬುದರ ಗೇಟಿಗೆ, ಎಂದರೆ ಬಾಗಿಲಿಗೆ, ಅಲ್ಪ ವೋಲ್ಟೇಜಿನ ಸೂಚನೆ ಸಾಕು. ಆದರೆ ಹೆಚ್ಚು ವೋಲ್ಟೇಜಿಗೆಂದು ಕಟ್ಟಿದರೆ ಅದರ ತಡೆ ಬಹಳ ಏರುತ್ತದೆ. ಬಾಳಿಗಾ ಅವರು ಮಾಸ್‌ಫೆಟ್ಟಿನ ಗೇಟನ್ನೂ ಬೈಪೋಲಾರಿನ ಹೊರುವ ಶಕ್ತಿಯನ್ನೂ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಕೂಡಿಸಿದರು. ಅದೇ ಐಜಿಬಿಟಿ.

ಹೇಳುವಷ್ಟು ಸುಲಭವಾಗಿ ಅದು ಆಗಲಿಲ್ಲ. ಆ ಪದರಗಳ ನಡುವೆ ಥೈರಿಸ್ಟರ್ ಎಂಬ ಇನ್ನೊಂದು ಸಾಧನ ತಾನಾಗಿ ಅಡಗಿರುತ್ತದೆ. ಅದು ಎಚ್ಚತ್ತರೆ ಗೇಟಿನ ಮಾತನ್ನು ಕೇಳದು. ವಿದ್ಯುತ್ತು ನಿಲ್ಲದೆ ಹರಿದು ಬಿಲ್ಲೆಯೇ ಸುಟ್ಟುಹೋದೀತು. ಅದು ಏಳದಂತೆ ಅವರು ಒಳರಚನೆಯನ್ನು ತಿದ್ದಿದರು. ಮುಚ್ಚುವ ವೇಗ ಸಾಲದೆಂದು ಕಂಡಾಗ ಬಿಲ್ಲೆಯ ಮೇಲೆ ಇಲೆಕ್ಟ್ರಾನುಗಳನ್ನು ಹಾಯಿಸಿ ವೇಗವನ್ನು ಹದಗೊಳಿಸಿದರು. 1982ರಲ್ಲಿ ಈ ಸಾಧನದ ವರದಿ ಪ್ರಕಟವಾಯಿತು. ಅಮೆರಿಕದ ಆರ್‌ಸಿಎ ಕಂಪನಿಯವರೂ ಜಪಾನಿನ ತೋಷಿಬಾದ ನಕಾಗಾವಾ ಅವರೂ ಇದೇ ದಾರಿಯಲ್ಲಿ ದುಡಿದವರೆಂಬುದನ್ನು ಮರೆಯುವುದು ನ್ಯಾಯವಲ್ಲ.

ಇಂದು ಮೂರು ಫೇಸಿನ ರೈಲು ಎಂಜಿನು, ಸೌರಫಲಕದ ಇನ್ವರ್ಟರು, ಇಂಡಕ್ಷನ್ ಒಲೆ, ಲಯತಪ್ಪಿ ಅದುರುವ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಕೈಪೆಟ್ಟಿಗೆ, ಇವೆಲ್ಲದರಲ್ಲಿ ಐಜಿಬಿಟಿ ಕಣ್ಣಿಗೆ ಕಾಣದಂತೆ ದುಡಿಯುತ್ತಿದೆ. ಅಡುಗೆಮನೆಯಲ್ಲಿ ಅದನ್ನು ದಿನವೂ ಬಳಸುವ ತಾಯಂದಿರಲ್ಲಿ ಎಷ್ಟು ಮಂದಿ ಅದರ ಹೆಸರನ್ನು ಕೇಳಿರಬಹುದು?

1988ರಲ್ಲಿ ಬಾಳಿಗಾ ಅವರು ಕಂಪನಿಯನ್ನು ಬಿಟ್ಟು ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನಕ್ಕೆ ತೊಡಗಿದರು. 2011ರಲ್ಲಿ ಅಧ್ಯಕ್ಷ ಒಬಾಮಾ ಅವರ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2014ರಲ್ಲಿ ವಿದ್ಯುತ್ ಎಂಜಿನಿಯರುಗಳ ಜಾಗತಿಕ ಸಂಸ್ಥೆಯಾದ ಐಇಇಇಯ ಅತ್ಯುನ್ನತ ಪದಕ ಬಂದವು. ನಮಗೆ ಹೆಚ್ಚು ಮೆಚ್ಚಿಕೆಯಾದದ್ದು ಬೇರೊಂದು ಸಂಗತಿ. ಸಿಲಿಕಾನಿಗಿಂತ ಯಾವ ವಸ್ತು ಎಷ್ಟು ಮೇಲೆಂದು ಅಳೆಯುವ ಸೂತ್ರವೊಂದನ್ನು ಅವರು ಐಜಿಬಿಟಿಯನ್ನು ರೂಪಿಸಿದ ವರ್ಷಗಳಲ್ಲೇ ಲೆಕ್ಕಹಾಕಿ ಬರೆದಿದ್ದರು. ಆ ದಾರಿಯಲ್ಲೇ ಬೆಳೆದ ಸಿಲಿಕಾನ್ ಕಾರ್ಬೈಡಿನ ಸ್ವಿಚ್ಚುಗಳು ಈಗ ಎಷ್ಟೋ ವಿದ್ಯುತ್ ಕಾರುಗಳಲ್ಲಿ ಅವರದೇ ಐಜಿಬಿಟಿಯ ಜಾಗಕ್ಕೆ ಬಂದು ಕುಳಿತಿವೆ.